ನ್ಯೂಯಾರ್ಕ್, ಲಂಡನ್, ದೆಹಲಿ: ಮೊದಲ ಕಾದಂಬರಿಗೆ ಯಾವ ಊರಿನ ಏಜೆಂಟ್?

ಕನ್ನಡದಲ್ಲಿ ಬರೆದು ಕನ್ನಡದಲ್ಲೇ ಪ್ರಕಟಿಸುವವರಿಗೆ ಸಾಹಿತ್ಯ ಏಜೆಂಟ್, ಅಂದರೆ ಲೇಖಕರ ಪರವಾಗಿ ಹಸ್ತಪ್ರತಿಯನ್ನು ಪ್ರಕಾಶಕರಿಗೆ ಮಾರಿಕೊಡುವವರು, ಬೇಕಿಲ್ಲ. ಲೆಕ್ಕ ಹಾಕಿ ನೋಡಿ. 200 ರೂಪಾಯಿ ಬೆಲೆಯ ಪುಸ್ತಕ 500 ಪ್ರತಿ ಖರ್ಚಾದರೆ ಶೇ 10ರಂತೆ ಬರುವ ರಾಯಲ್ಟಿ 10,000 ರೂಪಾಯಿ. ಅದರಲ್ಲಿ ಏಜೆಂಟರ ಪಾಲು ಶೇ 15 ಅಂದರೆ 1,500. ಅಷ್ಟು ದುಡ್ಡಿಗೆ 300 ಪುಟದ ಹಸ್ತಪ್ರತಿ ಓದಿ ನಾಲ್ಕು ಪ್ರಕಾಶಕರ ಹತ್ತಿರ ಓಡಾಡುವವರು ಯಾರು? ನೇರ ಪ್ರಕಾಶಕರಿಗೇ ಕಳಿಸಿ. ಯುವ ಬರಹಗಾರರಾದರೆ ಕನ್ನಡ ಪುಸ್ತಕ ಪ್ರಾಧಿಕಾರ ಚೊಚ್ಚಲ ಕೃತಿಗೆ ಕೊಡುವ ಪ್ರೋತ್ಸಾಹಧನಕ್ಕೂ ಅರ್ಜಿ ಹಾಕಿ.

ಏಜೆಂಟರ ಮಾತು ಬರುವುದು ಇಂಗ್ಲಿಷಿನಲ್ಲಿ ಬರೆದಾಗ, ಇಲ್ಲವೇ ಕನ್ನಡದ ಕೃತಿಯನ್ನು ಇಂಗ್ಲಿಷಿಗೆ ತಂದು ಹೊರಗೆ ಕಳಿಸುವಾಗ. ಮೂರೂ ಕಡೆಗೆ ಕಳಿಸಿ ನೋಡಿದ ಮೇಲೆ ಕಂಡ ವ್ಯತ್ಯಾಸ ಇಲ್ಲಿದೆ.

ನ್ಯೂಯಾರ್ಕ್ ಅವಸರದ ಊರು. ಕೇಳುವುದು 300 ಪದಗಳ ಆಸುಪಾಸಿನ ಕ್ವೆರಿ ಪತ್ರ (ಕಾದಂಬರಿಯನ್ನು ಪರಿಚಯಿಸಿ, ಓದುತ್ತೀರಾ ಎಂದು ಕೇಳುವ ಪತ್ರ) ಮತ್ತು ಮೊದಲ 5ರಿಂದ 10 ಪುಟ. ಲಗತ್ತು ಕಳಿಸಿದರೆ ಎಷ್ಟೋ ಜನ ತೆರೆಯುವುದೇ ಇಲ್ಲ. ಇಮೇಲಿನೊಳಗೇ ಅಂಟಿಸಬೇಕು, ಅಥವಾ ಕ್ವೆರಿಮ್ಯಾನೇಜರ್ ಎಂಬ ಆನ್‌ಲೈನ್ ಫಾರಂ ತುಂಬಬೇಕು. ಲಂಡನ್ನಿನವರು ಪತ್ರದ ಜೊತೆಗೆ ಒಂದು ಪುಟದ ಕಥಾಸಾರ, ಮೊದಲ ಮೂರು ಅಧ್ಯಾಯ ಅಥವಾ 10,000 ಪದ ಕೇಳುತ್ತಾರೆ. ಈ ವ್ಯತ್ಯಾಸ ಸಣ್ಣದಲ್ಲ. ಊರು, ಮನೆ, ಬಂಧುಬಳಗ ಎಲ್ಲವನ್ನೂ ಕಟ್ಟಿಕೊಂಡು ನಿಧಾನಕ್ಕೆ ಬಿಚ್ಚಿಕೊಳ್ಳುವ ಕಾದಂಬರಿಗೆ ಐದು ಪುಟದಲ್ಲಿ ನ್ಯಾಯ ಸಿಗುವುದು ಕಷ್ಟ. ಅಂಥ ಬರವಣಿಗೆಗೆ ನನ್ನ ಆಯ್ಕೆ ಲಂಡನ್. ಮೊದಲ ಪುಟದಲ್ಲೇ ಹೆಣ ಬೀಳುವ ಕಥೆಯಾದರೆ ನ್ಯೂಯಾರ್ಕಿಗೆ ಧೈರ್ಯವಾಗಿ ಕಳಿಸಿ.

ಕಮಿಷನ್ ಎರಡೂ ಕಡೆ ಹೆಚ್ಚುಕಡಿಮೆ ಒಂದೇ: ಅವರ ದೇಶದೊಳಗಿನ ಮಾರಾಟಕ್ಕೆ ಶೇ 15, ಹೊರದೇಶ ಮತ್ತು ಅನುವಾದದ ಹಕ್ಕಿಗೆ ಶೇ 20. ದುಡ್ಡು ಮೊದಲು ಏಜೆಂಟರ ಕೈಗೆ ಬಂದು, ಅವರ ಪಾಲು ಕಳೆದು ನಿಮಗೆ ಬರುತ್ತದೆ. ಅಮೆರಿಕದ ಹಣಕ್ಕೆ ಡಬ್ಲ್ಯೂ-8ಬೆನ್ ಎಂಬ ಅಲ್ಲಿನ ತೆರಿಗೆ ಫಾರಂನಲ್ಲಿ ಪ್ಯಾನ್ ಸಂಖ್ಯೆ ಬರೆದುಕೊಡಿ. ಕೊಡದಿದ್ದರೆ ರಾಯಲ್ಟಿಯಲ್ಲಿ ಶೇ 30 ತೆರಿಗೆ ಹಿಡಿಯುತ್ತಾರೆ. ಕೊಟ್ಟರೆ ಭಾರತದೊಂದಿಗಿನ ತೆರಿಗೆ ಒಪ್ಪಂದದ ಪ್ರಕಾರ ಅದು ಶೇ 15ಕ್ಕೆ ಇಳಿಯುತ್ತದೆ.

ಇನ್ನು ನಮ್ಮಲ್ಲಿ. ದೆಹಲಿಯ ರೈಟರ್ಸ್ ಸೈಡ್, ರೆಡ್ ಇಂಕ್, ಜೈಪುರದ ಸಿಯಾಹಿ ಇಂಥ ಸಂಸ್ಥೆಗಳಿವೆ. ಇವರಿಗೆ ಜಾತಿ, ತಾಲ್ಲೂಕು, ಪಾಲುಪಟ್ಟಿ ವಿವರಿಸಬೇಕಿಲ್ಲ, ಅದೇ ದೊಡ್ಡ ಅನುಕೂಲ. ದುಡ್ಡು ಮಾತ್ರ ಕಡಿಮೆ. 399 ರೂಪಾಯಿಯ ಪೇಪರ್‌ಬ್ಯಾಕ್ 2,000 ಪ್ರತಿ ಹೋದರೂ ಶೇ 7.5ರಂತೆ ನಿಮಗೆ 60,000 ರೂಪಾಯಿಯ ಹತ್ತಿರ, ಶೇ 15 ಕಮಿಷನ್ ಹಿಡಿದರೆ ಏಜೆಂಟರಿಗೆ 9,000. ಹಾಗಾಗಿ ಅವರು ಅಳೆದು ಸುರಿದು ಆರಿಸುತ್ತಾರೆ. ಇಲ್ಲಿನ ಕೆಲವು ಇಂಗ್ಲಿಷ್ ಪ್ರಕಾಶನಗಳು ನೇರವಾಗಿ ಬಂದ ಹಸ್ತಪ್ರತಿಯನ್ನೂ ನೋಡುತ್ತವೆ. ಲಂಡನ್, ನ್ಯೂಯಾರ್ಕಿನ ದೊಡ್ಡ ಪ್ರಕಾಶನಗಳಲ್ಲಿ ಏಜೆಂಟರಿಲ್ಲದೆ ಒಳಗೆ ಹೋಗುವುದೇ ಅಪರೂಪ.

ಯಾವ ಊರಾದರೂ ಸರಿ, ಓದುವುದಕ್ಕೆ ಶುಲ್ಕ ಕೇಳಿದರೆ ಅಲ್ಲಿಗೇ ಬಿಡಿ. ಅಮೆರಿಕದ ಏಜೆಂಟರ ಸಂಘ ತನ್ನ ಸದಸ್ಯರಿಗೆ ಅದನ್ನು ನಿಷೇಧಿಸಿದೆ. ಹೆಸರು ಹುಡುಕಲು ನಂಬಿಕಸ್ತ ದಾರಿಯೆಂದರೆ, ನಿಮ್ಮ ಕಾದಂಬರಿಯ ಜಾಡಿನಲ್ಲಿ ಕಳೆದ ನಾಲ್ಕೈದು ವರ್ಷಗಳಲ್ಲಿ ಬಂದ ಪುಸ್ತಕಗಳ ಕೊನೆಯ ಕೃತಜ್ಞತೆಯ ಪುಟ. ಲೇಖಕರು ಏಜೆಂಟರನ್ನು ಅಲ್ಲಿ ನೆನೆದಿರುತ್ತಾರೆ.

ಹೆಚ್ಚಿನವರು ಎಡವುವುದು ಕ್ವೆರಿ ಪತ್ರದಲ್ಲಿ. "ಇದು ಪ್ರೀತಿ, ನಂಬಿಕೆದ್ರೋಹ ಮತ್ತು ಮನುಷ್ಯತ್ವದ ಹುಡುಕಾಟದ ಕಥೆ" ಎಂದು ಬರೆದರೆ ಏಜೆಂಟರಿಗೆ ಏನೂ ತಿಳಿಯುವುದಿಲ್ಲ. ಹೀಗೆ ಬರೆಯಿರಿ: "1983ರ ಬೇಸಿಗೆ. ಹೊನ್ನಾವರದ ಸೊಸೈಟಿಯಲ್ಲಿ ಲೆಕ್ಕ ಬರೆಯುವ ಸುಶೀಲಾ, ತಿಥಿ ಮಾಡಿ ಮುಗಿಸಿದ ಗಂಡನ ಹೆಸರಿನಲ್ಲಿ ಹೊಸ ಸಾಲವೊಂದನ್ನು ಕಾಣುತ್ತಾಳೆ. ಬಾಯಿ ಬಿಟ್ಟರೆ ಮಗಳ ಮದುವೆ ಮುರಿಯುತ್ತದೆ." ಯಾರು, ಎಲ್ಲಿ, ಏನಾಯಿತು, ಏನು ಕೈತಪ್ಪಬಹುದು ಎಲ್ಲವೂ ಮೂರು ಸಾಲಿನಲ್ಲಿ ಬಂತು. ಅದರ ಕೆಳಗೆ ಪದಗಳ ಸಂಖ್ಯೆ (80,000ದಿಂದ 1,00,000ದ ಒಳಗಿದ್ದರೆ ಕ್ಷೇಮ), ಇದರ ಸಾಲಿನಲ್ಲಿಡಬಹುದಾದ ಎರಡು ಇತ್ತೀಚಿನ ಪುಸ್ತಕ, ನಿಮ್ಮ ಬಗ್ಗೆ ಎರಡು ವಾಕ್ಯ. ಕಥಾಸಾರದಲ್ಲಿ ಕೊನೆಯನ್ನು ಮುಚ್ಚಿಡಬೇಡಿ. ಕಾದಂಬರಿ ಎಲ್ಲಿಗೆ ಮುಟ್ಟುತ್ತದೆ ಎಂದು ತಿಳಿಯುವುದಕ್ಕೇ ಅದನ್ನು ಕೇಳುವುದು.

ಒಂದೇ ಸಲ ಐವತ್ತು ಜನರಿಗೆ ಕಳಿಸಬೇಡಿ. ಆರೆಂಟು ಜನರಿಗೆ ಕಳಿಸಿ, 6ರಿಂದ 12 ವಾರ ಕಾಯಿರಿ. ಬಹಳ ಕಡೆ ಉತ್ತರ ಬರದಿದ್ದರೆ ಅದೇ ಉತ್ತರ. ಯಾರೂ ಮುಂದಿನ ಪುಟ ಕೇಳದಿದ್ದರೆ ತಪ್ಪು ಪತ್ರದಲ್ಲಿದೆ, ಇಲ್ಲವೇ ಮೊದಲ ಪುಟಗಳಲ್ಲಿ. ಪೂರ್ತಿ ಹಸ್ತಪ್ರತಿ ತರಿಸಿಕೊಂಡು ಬೇಡವೆಂದರೆ ಕಾದಂಬರಿಯ ನಡುಭಾಗ ಸಡಿಲವಿರಬಹುದು. ತಿದ್ದಿಕೊಂಡು ಮುಂದಿನ ಆರೆಂಟು ಜನರಿಗೆ ಕಳಿಸಿ. ಒಂದು ಸಂಸ್ಥೆಯಲ್ಲಿ ಒಂದು ಸಲಕ್ಕೆ ಒಬ್ಬರಿಗೆ ಮಾತ್ರ.

ಅನುವಾದವಾದರೆ 5,000ದಿಂದ 10,000 ಪದಗಳ ಮಾದರಿ, ಮೂಲ ಲೇಖಕರ ಲಿಖಿತ ಒಪ್ಪಿಗೆ ಎರಡೂ ಇಟ್ಟುಕೊಂಡೇ ಹೊರಡಿ. 2025ರಲ್ಲಿ ಕನ್ನಡ ಕಥೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೆ ಕನ್ನಡವೆಂದರೇನೆಂದು ಪತ್ರದಲ್ಲಿ ವಿವರಿಸುವ ಕೆಲಸ ತಪ್ಪಿದೆ. ಹಕ್ಕು ಯಾರ ಬಳಿ ಇದೆ ಎಂಬ ಪ್ರಶ್ನೆ ತಪ್ಪಿಲ್ಲ. "ಎಲ್ಲ ಹಕ್ಕು ಪ್ರಕಾಶಕರದು" ಎಂಬ ಹಳೆಯ ಚೀಟಿಗೆ ಸಹಿ ಹಾಕಿದ್ದರೆ ಗಾಬರಿಯಾಗಬೇಡಿ, ಹುಡುಕಿ ತೆಗೆದು ಓದಿ. ಸಹಿ 1995ರ ಮೇ ತಿಂಗಳ ನಂತರದ್ದಾದರೆ, 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನ ಪ್ರಕಾರ, ಅವಧಿ ಬರೆದಿಲ್ಲದಿದ್ದರೆ ಆ ಹಕ್ಕು ಐದು ವರ್ಷಕ್ಕೆ ಮಾತ್ರ. ಯಾವ ಪ್ರದೇಶಕ್ಕೆಂದು ಬರೆದಿಲ್ಲದಿದ್ದರೆ ಭಾರತದೊಳಗೆ ಮಾತ್ರ. ಏಜೆಂಟರು ಕೇಳುವ ಮೊದಲೇ ಆ ಒಪ್ಪಂದದ ನಕಲು ನಿಮ್ಮ ಕಡತದಲ್ಲಿರಲಿ.