ಅಂಗಳದ ಸೊಳ್ಳೆ ಮಿಸ್ಟಿಂಗ್ ಯಂತ್ರ: ನಾಲ್ಕು ವರ್ಷ ಬಳಸಿದ ಮೇಲೆ

ನಮ್ಮ ಅಂಗಳದ ಸುತ್ತ ಸೊಳ್ಳೆ ಔಷಧಿ ಸಿಂಪಡಿಸುವ 32 ನಾಝಲ್‌ಗಳಿವೆ. ಬೇಲಿಯಗುಂಟ, ಸೂರಿನ ಕೆಳಗೆ, ಗಿಡಗಳ ಸಂದಿಯಲ್ಲಿ ಸಣ್ಣ ನೈಲಾನ್ ಪೈಪ್ ಓಡುತ್ತದೆ. ಮನೆಯ ಹಿಂದೆ 200 ಲೀಟರ್ ಹಿಡಿಯುವ ಡ್ರಮ್, ಅದಕ್ಕೊಂದು ಪಂಪ್, ಪಂಪಿಗೊಂದು ಟೈಮರ್. ಹೊತ್ತಾದಾಗ 45 ಸೆಕೆಂಡ್ ಸುಯ್ಯೆನ್ನುವ ಸದ್ದು, ಬೇಲಿಯ ಮೇಲೆ ತೆಳ್ಳನೆಯ ಮಂಜು, ಅಷ್ಟೇ. ಹಾಕಿಸಿದ ಹೊಸದರಲ್ಲಿ ಯಾರಾದರೂ ಕೇಳಿದ್ದರೆ ಕಣ್ಣು ಮುಚ್ಚಿಕೊಂಡು ಹಾಕಿಸಿ ಅನ್ನುತ್ತಿದ್ದೆ. ಈಗ ಹಾಗೆ ಹೇಳಲಾರೆ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ.

ಹಾಕಿಸಿದ್ದು ಅಮ್ಮನಿಗಾಗಿ. ಸಂಜೆ ಹೊರಗೆ ಕೂರುವುದೆಂದರೆ ಅವರಿಗೆ ಜೀವ. ಸೊಳ್ಳೆ ಕಾಟಕ್ಕೆ ಅದೇ ನಿಂತುಹೋಗಿತ್ತು. ಯಂತ್ರ ಬಂದ ವಾರದಲ್ಲೇ ಅವರು ಮತ್ತೆ ಕುರ್ಚಿ ಹೊರಗೆ ಹಾಕಿಸಿಕೊಂಡರು. ಬೆಳಿಗ್ಗೆ ಒಂದು ಸಲ, ಕತ್ತಲಾಗುವ ಹೊತ್ತಿಗೆ ಒಂದು ಸಲ ಸಿಂಪಡಣೆ. ಸಂಜೆಯ ಸೊಳ್ಳೆ ನಿಜಕ್ಕೂ ಕಡಿಮೆಯಾಯಿತು. ಇದನ್ನು ಒಪ್ಪಿಕೊಳ್ಳಲೇಬೇಕು.

ಆದರೆ ಹಗಲು ಹೊತ್ತಿನ ಕಡಿತ ಹಾಗೇ ಇತ್ತು. ಮಧ್ಯಾಹ್ನ ಗಿಡಕ್ಕೆ ನೀರು ಹಾಕಲು ಹೋದರೆ ಮೊಣಕಾಲ ಕೆಳಗೆಲ್ಲಾ ಕಚ್ಚುತ್ತಿದ್ದವು. ಔಷಧಿ ಸಾಲುತ್ತಿಲ್ಲವೇನೋ ಅಂತ ಹಾಕಿಕೊಟ್ಟವರಿಗೆ ಫೋನ್ ಮಾಡಿದೆ. ಅವರು ಬಂದು ದಿನಕ್ಕೆ ಎರಡಿದ್ದ ಸಿಂಪಡಣೆಯನ್ನು ನಾಲ್ಕು ಮಾಡಿ ಹೋದರು. ಯಾವ ಸೊಳ್ಳೆ, ಎಲ್ಲಿಂದ ಬರುತ್ತಿದೆ ಅಂತ ಕೇಳಲೂ ಇಲ್ಲ. ಮೂರು ತಿಂಗಳು ಬರುತ್ತಿದ್ದ ಡ್ರಮ್ ಒಂದೂವರೆ ತಿಂಗಳಿಗೇ ಖಾಲಿಯಾಯಿತು. ಕಡಿತ ಮಾತ್ರ ನಿಲ್ಲಲಿಲ್ಲ.

ಆಗ ನಾನೇ ಕೂತು ಓದಲು ಶುರು ಮಾಡಿದೆ. ಸಂಜೆ, ರಾತ್ರಿ ಕಚ್ಚುವುದು ಹೆಚ್ಚಾಗಿ ಕ್ಯೂಲೆಕ್ಸ್ ಮತ್ತು ಅನಾಫಿಲಿಸ್. ಮೈಮೇಲೆ ಬಿಳಿ ಪಟ್ಟೆಗಳಿರುವ, ಡೆಂಗಿ ಹರಡುವ ಈಡಿಸ್ ಹೆಚ್ಚಾಗಿ ಹಗಲಿನಲ್ಲಿ ಕಚ್ಚುತ್ತದೆ. ಯಂತ್ರದಿಂದ ಬರುವ ಔಷಧಿ ಸಾಮಾನ್ಯವಾಗಿ ಪೈರೆಥ್ರಿನ್ ಅಥವಾ ಪರ್ಮೆಥ್ರಿನ್. ಮೊದಲನೆಯದನ್ನು ಸೇವಂತಿಗೆ ಜಾತಿಯ ಒಂದು ಹೂವಿನಿಂದ ತೆಗೆಯುತ್ತಾರೆ. ಎರಡನೆಯದು ಅದೇ ಬಗೆಯ, ಕಾರ್ಖಾನೆಯಲ್ಲಿ ಮಾಡಿದ ಔಷಧಿ. ಪೈರೆಥ್ರಿನ್ ಬಿಸಿಲಿಗೆ ಬೇಗ ಒಡೆದುಹೋಗುತ್ತದೆ. ಹನಿ ಗಾಳಿಯಲ್ಲಿರುವಾಗ ಅದಕ್ಕೆ ಸಿಕ್ಕಿದ ಸೊಳ್ಳೆ ಸಾಯುತ್ತದೆ. ಎಲೆಯ ಅಡಿಯಲ್ಲಿ ಅಡಗಿದ್ದು ಉಳಿಯುತ್ತದೆ. ನೀರಿನಲ್ಲಿರುವ ಮರಿಗಳ ಮೇಲಂತೂ ಈ ಮಂಜು ಬೀಳುವುದೇ ಅಪರೂಪ. ಗಾಳಿ ಜೋರಾಗಿದ್ದರೆ ನಮ್ಮ ಅಂಗಳದ ಔಷಧಿ ಪಕ್ಕದವರ ಅಂಗಳಕ್ಕೆ ಹೋಗುತ್ತದೆ. ಅವರು ಅದನ್ನು ಕೇಳಿಲ್ಲ, ಅಲ್ವಾ?

ಎರಡನೇ ವರ್ಷ ನಡೆದದ್ದನ್ನು ಬರೆಯಲು ಈಗಲೂ ಸಂಕಟವಾಗುತ್ತದೆ. ಒಂದು ಬೆಳಿಗ್ಗೆ ಹೂಬಳ್ಳಿಯ ಕೆಳಗೆ ಜೇನುನೊಣಗಳು ಬಿದ್ದಿದ್ದವು. ಕೆಲವು ಇನ್ನೂ ಕಾಲು ಆಡಿಸುತ್ತಿದ್ದವು. ಬಳ್ಳಿ ಮೈತುಂಬ ಹೂ ಬಿಟ್ಟಿತ್ತು. ಬೆಳಗಿನ ಸಿಂಪಡಣೆ ಆಗುವುದರೊಳಗೆ ಜೇನುಗಳು ಕೆಲಸಕ್ಕೆ ಬಂದಿದ್ದವು. ಈ ಔಷಧಿಗೆ ಸೊಳ್ಳೆ ಯಾವುದು, ಜೇನು ಯಾವುದು ಗೊತ್ತಿಲ್ಲ. ಚಿಟ್ಟೆ, ಏರೋಪ್ಲೇನ್ ಚಿಟ್ಟೆ, ಜೇಡ ಎಲ್ಲಕ್ಕೂ ಅದು ವಿಷವೇ. ಮೀನಿಗಂತೂ ತುಂಬಾ ಅಪಾಯ. ಪರ್ಮೆಥ್ರಿನ್ ಬೆಕ್ಕುಗಳಿಗೂ ಆಗಿಬರುವುದಿಲ್ಲ. ಅವುಗಳ ಮೈ ಅದನ್ನು ಬೇಗ ಕರಗಿಸಿಕೊಳ್ಳಲಾರದು. ಮನೆಯಲ್ಲಿ ಬೆಕ್ಕಿದ್ದರೆ, ಮೀನಿನ ತೊಟ್ಟಿಯಿದ್ದರೆ ಹಾಕಿಸುವ ಮುಂಚೆಯೇ ಇದನ್ನು ಯೋಚಿಸಿ. ನನಗೆ ಯಾರೂ ಹೇಳಿರಲಿಲ್ಲ. ಡ್ರಮ್ಮಿಗೆ ಸುರಿಯುವ ಔಷಧಿಯ ಲೇಬಲ್ ಮೇಲೆ ಇತ್ತು. ನಾನು ಅದನ್ನು ಓದಿರಲಿಲ್ಲ.

ಅವತ್ತೇ ಟೈಮರ್ ಆಫ್ ಮಾಡಿದೆ. ಬಳ್ಳಿಯ ಹತ್ತಿರದ ಐದು ನಾಝಲ್‌ಗಳನ್ನು ಮುಚ್ಚಿಸಿದೆ.

ಆಮೇಲೆ ಅಂಗಳದಲ್ಲಿ ನಿಂತ ನೀರು ಹುಡುಕಲು ಹೊರಟೆ. ಕುಂಡಗಳ ಕೆಳಗಿನ ತಟ್ಟೆಗಳಲ್ಲಿ ಸಿಕ್ಕಿತು. ಎಲೆ ತುಂಬಿದ ಸೂರಿನ ದೋಣಿಯಲ್ಲಿ ಸಿಕ್ಕಿತು. ಮೂಲೆಯಲ್ಲಿ ಬಿದ್ದಿದ್ದ ಹಳೇ ಟೈರಿನಲ್ಲಿ ಸಿಕ್ಕಿತು. ಕೊನೆಗೆ ಮಿಸ್ಟಿಂಗ್ ಡ್ರಮ್ಮಿನ ಹತ್ತಿರ ಹೋದೆ. ಅದರ ಮುಚ್ಚಳದ ಅಂಚು ಸ್ವಲ್ಪ ಎತ್ತರ. ಆ ಅಂಚಿನೊಳಗೆ ಮಳೆನೀರು ಬೆರಳಿನಷ್ಟು ಆಳ ನಿಂತಿತ್ತು. ಬಗ್ಗಿ ನೋಡಿದರೆ ಸೊಳ್ಳೆ ಮರಿಗಳು ನುಲಿಯುತ್ತಾ ಮೇಲೆ ಕೆಳಗೆ ಓಡಾಡುತ್ತಿದ್ದವು. ಸೊಳ್ಳೆ ಕೊಲ್ಲುವ ಔಷಧಿ ಒಂದು ಮುಚ್ಚಳದ ಕೆಳಗಿತ್ತು.

ಬೆಚ್ಚಗಿನ ದಿನಗಳಲ್ಲಿ ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು 7ರಿಂದ 10 ದಿನ ಸಾಕು. ಹಾಗಾಗಿ ವಾರಕ್ಕೊಮ್ಮೆ ನೀರು ಚೆಲ್ಲಿದರೆ ಆ ಸರಪಳಿ ತುಂಡಾಗುತ್ತದೆ. ಸುಮ್ನೆ ಚೆಲ್ಲಿದರೆ ಸಾಲದು, ಒಳಗಿನ ಗೋಡೆಯನ್ನು ಗಸಗಸ ಉಜ್ಜಬೇಕು. ಈಡಿಸ್ ಮೊಟ್ಟೆ ಇಡುವುದು ನೀರಿನ ಮಟ್ಟಕ್ಕಿಂತ ತುಸು ಮೇಲೆ. ಅದು ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ. ಮತ್ತೆ ನೀರು ಮುಟ್ಟಿದಾಗ ಮರಿ ಹೊರಬರುತ್ತದೆ. ಚೆಲ್ಲಲಾಗದ ಮಳೆನೀರಿನ ಪೀಪಾಯಿಗೆ ಬಿಟಿಐ ಬಿಲ್ಲೆ ಹಾಕುತ್ತೇನೆ. ಅದರಲ್ಲಿರುವ ಬ್ಯಾಕ್ಟೀರಿಯಾ ಸೊಳ್ಳೆ ಮರಿಗಳನ್ನು ಕೊಲ್ಲುತ್ತದೆ, ಜೇನಿಗೂ ಮೀನಿಗೂ ತೊಂದರೆಯಿಲ್ಲ. ಒಂದು ಬಿಲ್ಲೆ ಸುಮಾರು ಒಂದು ತಿಂಗಳು ಬರುತ್ತದೆ.

ಭಾನುವಾರ ಬೆಳಿಗ್ಗೆ ಅರ್ಧ ಗಂಟೆಯ ಕೆಲಸ ಇದು. ಮೂರು ವಾರ ತಪ್ಪದೆ ಮಾಡಿದ ಮೇಲೆ ಹಗಲಿನ ಕಡಿತ ಎಷ್ಟೋ ಇಳಿಯಿತು. ನಾಲ್ಕು ಸಲದ ಸಿಂಪಡಣೆಯಿಂದ ಆಗದಿದ್ದದ್ದು ಇದರಿಂದ ಆಯಿತು.

ಹಾಗಂತ ಯಂತ್ರವನ್ನು ಕಿತ್ತುಹಾಕಿಲ್ಲ. ರಿಮೋಟ್ ಇದೆ. ಸಂಜೆ ಮನೆಗೆ ಜನ ಬರುವುದಿದ್ದರೆ, ಮಳೆಯ ನಂತರ ಸೊಳ್ಳೆ ಎದ್ದಿದ್ದರೆ, ಸೂರ್ಯ ಮುಳುಗಿ ಜೇನುಗಳು ಗೂಡು ಸೇರಿದ ಮೇಲೆ ಒಂದು ಸಲ ಒತ್ತುತ್ತೇನೆ. ಗಾಳಿ ಇದ್ದರೆ ಒತ್ತುವುದಿಲ್ಲ. ಅಂಗಳದಲ್ಲಿ ಯಾರೂ ಇಲ್ಲವೆಂದು ನೋಡುತ್ತೇನೆ. ಊಟದ ಸಾಮಾನು, ನಾಯಿಯ ನೀರಿನ ಬಟ್ಟಲು ಒಳಗೆ ಬಂದಿರಬೇಕು. ಟೈಮರಿಗೆ ಇದ್ಯಾವುದೂ ಕಾಣುವುದಿಲ್ಲ. ಬೇಕಿದ್ದರೂ ಬೇಡದಿದ್ದರೂ ದಿನಾ ಹೊಡೆಯುತ್ತಿದ್ದರೆ ಇನ್ನೊಂದು ತೊಂದರೆಯೂ ಇದೆ. ಔಷಧಿಗೆ ಬಗ್ಗದ ಸೊಳ್ಳೆಗಳೇ ಉಳಿದು ಬೆಳೆಯುತ್ತವೆ.

ನಿರ್ವಹಣೆ ವಿಷಯ ಬೇಗ ಹೇಳಿಬಿಡುತ್ತೇನೆ. ಗಡಸು ನೀರಾದರೆ ನಾಝಲ್ ಬಾಯಿಗೆ ಬಿಳಿ ಪೊರೆ ಕಟ್ಟುತ್ತದೆ. ನಾನು ಬಿಚ್ಚಿ ವಿನೆಗರ್‌ನಲ್ಲಿ ನೆನೆಸುತ್ತೇನೆ. ಫಿಲ್ಟರ್ ತೊಳೆಯುವುದು ಮರೆತರೆ ಪಂಪ್ ಒದ್ದಾಡುತ್ತದೆ. ಮೂರನೇ ವರ್ಷ ಒಂದು ಜೋಡಣೆ ಸಡಿಲವಾಗಿ ರಾತ್ರಿಯೆಲ್ಲಾ ಔಷಧಿ ಮಣ್ಣಿಗೆ ಹನಿದಿತ್ತು. ಅಂದಿನಿಂದ ಪ್ರತಿ ಸಲ ಒತ್ತಿದ ಮೇಲೆ ಪೈಪಿನುದ್ದಕ್ಕೂ ಒಂದು ಸುತ್ತು ನಡೆಯುತ್ತೇನೆ. ಬೆರೆಸಿಟ್ಟ ಔಷಧಿ ತಿಂಗಳುಗಟ್ಟಲೆ ನಿಂತರೆ ಸತ್ವ ಕಳೆದುಕೊಳ್ಳುತ್ತದೆ. ನನ್ನ ಹಾಗೆ ಅಪರೂಪಕ್ಕೆ ಬಳಸುವವರಾದರೆ ಡ್ರಮ್ ಮಾದರಿ ಬೇಡ. ಸಿಂಪಡಿಸುವಾಗಲೇ ಔಷಧಿಯನ್ನು ನೀರಿಗೆ ಬೆರೆಸಿಕೊಳ್ಳುವ ಮಾದರಿ ಸಿಗುತ್ತದೆ, ಅದೇ ವಾಸಿ.

ಅಮ್ಮ ಈಗಲೂ ಸಂಜೆ ಹೊರಗೆ ಕೂರುತ್ತಾರೆ. ಅವರ ಕಾಲಿನ ಹತ್ತಿರ ಒಂದು ಟೇಬಲ್ ಫ್ಯಾನ್ ತಿರುಗುತ್ತಿರುತ್ತದೆ. ಸೊಳ್ಳೆಗೆ ಹಾರುವ ಬಲ ಕಡಿಮೆ, ಆ ಗಾಳಿಯನ್ನು ದಾಟಿ ಬರುವುದು ಅದಕ್ಕೆ ಕಷ್ಟ. ಈ ತಿಂಗಳು ರಿಮೋಟ್ ಒತ್ತಿದ್ದು ಎರಡೇ ಸಲ. ಬಳ್ಳಿ ಮತ್ತೆ ಹೂ ಬಿಟ್ಟಿದೆ, ಜೇನು ಬರುತ್ತಿದೆ. ಆ ಐದು ನಾಝಲ್‌ಗಳನ್ನು ಮತ್ತೆ ತೆರೆದಿಲ್ಲ.