ದಿ ಲಾಸ್ಟ್ ವಾಲ್ಟ್ಸ್, ಶಟ್ ಅಪ್ ಅಂಡ್ ಪ್ಲೇ ದಿ ಹಿಟ್ಸ್: ಮೊದಲು ಯಾವುದು ನೋಡಬೇಕು?

ರಾಕ್ ತಂಡದ ವಿದಾಯದ ಸಿನಿಮಾ ಒಂದೇ ನೋಡುವುದಾದರೆ ನನ್ನ ಆಯ್ಕೆ ‘ದಿ ಲಾಸ್ಟ್ ವಾಲ್ಟ್ಸ್’. 1976ರ ನವೆಂಬರ್ 25, ಸ್ಯಾನ್ ಫ್ರಾನ್ಸಿಸ್ಕೋದ ವಿಂಟರ್‌ಲ್ಯಾಂಡ್ ಸಭಾಂಗಣ. ‘ದಿ ಬ್ಯಾಂಡ್’ ಎಂಬ ಹೆಸರಿನ ತಂಡದ ವಿದಾಯ ಕಾರ್ಯಕ್ರಮ; ಅವರ ಜೊತೆ ಬಾಬ್ ಡಿಲನ್, ಜೋನಿ ಮಿಚೆಲ್, ನೀಲ್ ಯಂಗ್ ಎಲ್ಲರೂ ವೇದಿಕೆ ಹತ್ತುತ್ತಾರೆ, ಮಡ್ಡಿ ವಾಟರ್ಸ್ ಹಾಡುವಾಗಂತೂ ಮೈ ಜುಮ್ಮೆನ್ನುತ್ತದೆ. ನಿರ್ದೇಶಕ ಮಾರ್ಟಿನ್ ಸ್ಕೋರ್ಸೆಸಿ ಕ್ಯಾಮೆರಾ ಪ್ರೇಕ್ಷಕರ ಕಡೆ ಹೆಚ್ಚು ತಿರುಗುವುದಿಲ್ಲ. ನುಡಿಸುವವರು ಒಬ್ಬರನ್ನೊಬ್ಬರು ನೋಡುವ ಆ ನೋಟವೇ ಸಾಕು ಅಲ್ವಾ!

‘ಶಟ್ ಅಪ್ ಅಂಡ್ ಪ್ಲೇ ದಿ ಹಿಟ್ಸ್’ ಬೇರೆ ತರಹ. ಎಲ್‌ಸಿಡಿ ಸೌಂಡ್‌ಸಿಸ್ಟಮ್ ಎಂಬ ತಂಡದ ವಿದಾಯ ಕಾರ್ಯಕ್ರಮ, 2011ರ ಏಪ್ರಿಲ್ 2, ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಇಲ್ಲಿ ಕುಣಿಯುವ ಜನ ಜಾಸ್ತಿ. ನನ್ನನ್ನು ಕಾಡಿದ್ದು ಮಾತ್ರ ಮರುದಿನ: ತಂಡದ ಗಾಯಕ ಜೇಮ್ಸ್ ಮರ್ಫಿ ಎದ್ದು ನಾಯಿಯ ಜೊತೆ ಸುಮ್ನೆ ಕಳೆಯುವ ಬೆಳಗು. ತಂಡ ಆಮೇಲೆ ಮತ್ತೆ ಸೇರಿತು, ಆದರೂ ಆ ಮೌನದ ತೂಕ ಕಡಿಮೆಯಾಗಿಲ್ಲ. ಇಷ್ಟಪಟ್ಟ ಕೆಲಸವನ್ನು ಈಚೆಗೆ ಬಿಟ್ಟಿದ್ದರೆ ಇದನ್ನೇ ಮೊದಲು ನೋಡಿ.