ಕ್ಯಾನ್ಸಲ್ ಬಟನ್ ನೀವು ಒತ್ತಬೇಡಿ

ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ಸಮುದ್ರದ ಪಕ್ಕ ಮನೆ ಬುಕ್ ಮಾಡಿದ್ದೀರಿ, ಹೊರಟು ದಾರಿಯಲ್ಲಿದ್ದೀರಿ, ಆಗ ಓನರ್ "ಚಿಕ್ಕ ಪ್ರಾಬ್ಲಮ್ ಆಗಿದೆ, ನೀವೇ ಆ್ಯಪ್‌ನಲ್ಲಿ ಕ್ಯಾನ್ಸಲ್ ಮಾಡಿ, ದುಡ್ಡು ನಾನು ವಾಪಸ್ ಹಾಕ್ತೀನಿ" ಅಂದರೆ ಒತ್ತಬೇಡಿ. ಆ ಬಟನ್ ಒತ್ತಬೇಡಿ. ನಾನು ಒತ್ತಿದೆ. ಅದೂ ಕಾರಿನಲ್ಲಿ, ಗಂಡ ಪಕ್ಕದಲ್ಲಿ ಕೂತು "ಬೇಡ" ಅನ್ನುತ್ತಿದ್ದಾಗಲೇ.

ಎರಡು ವಾರ ಆಯಿತು. ಬರೆಯಲೋ ಬೇಡವೋ ಅಂತ ಒದ್ದಾಡಿದೆ. ನಾಚಿಕೆ ಕಣ್ರೀ, ಇನ್ನೇನು. ನಮ್ಮ ಗುಂಪಿನಲ್ಲಿ ಬುಕಿಂಗ್ ವಿಷಯ ಬಂದರೆ ಎಲ್ಲರೂ ನನ್ನ ಕಡೆ ಕೈ ತೋರಿಸುತ್ತಾರೆ, "ಅವಳು ಎಲ್ಲಾ ನೋಡಿ ಮಾಡ್ತಾಳೆ" ಅಂತ. ಆ ಹೆಸರಿಗೆ ಈಗ ಮಣ್ಣು ಬಿದ್ದಿದೆ.

ನಾವು ಆರು ಜನ. ನಾನು, ನಮ್ಮನೆಯವರು, ನನ್ನ ಕಾಲೇಜು ಗೆಳತಿ ಮತ್ತು ಅವಳ ಗಂಡ, ನಮ್ಮನೆಯವರ ಸ್ನೇಹಿತರು ಮತ್ತು ಅವರ ಹೆಂಡತಿ. ಮೂರು ರಾತ್ರಿ. ಎಲ್ಲರಿಗೂ ಒಂದೇ ಸಲ ರಜೆ ಹೊಂದಿಸಲು ಎಷ್ಟು ತಿಂಗಳು ಬೇಕು ಅಂತ ನಿಮಗೂ ಗೊತ್ತು. ಮನೆ ಚೆನ್ನಾಗಿತ್ತು. ಅಂದರೆ ಫೋಟೋದಲ್ಲಿ. ಬಾಲ್ಕನಿ, ಅದರ ಕೆಳಗೆ ಆರು ಮೆಟ್ಟಿಲು, ಮೆಟ್ಟಿಲಿನ ಬುಡದಲ್ಲೇ ಮರಳು. ರಿವ್ಯೂಗಳನ್ನು ಓದಿದೆ, ಮ್ಯಾಪ್‌ನಲ್ಲಿ ಸ್ಯಾಟಲೈಟ್ ಚಿತ್ರ ನೋಡಿದೆ, ಫೋಟೋಗಳನ್ನು ಗೂಗಲ್ ಲೆನ್ಸ್‌ಗೆ ಹಾಕಿ ಬೇರೆ ಕಡೆಯಿಂದ ಕದ್ದದ್ದಲ್ಲ ಅಂತ ಖಚಿತ ಮಾಡಿಕೊಂಡೆ. ಇಷ್ಟೆಲ್ಲ ಮಾಡಿದೆ! ಮನೆ ನಿಜವಾಗಿಯೂ ಇತ್ತು. ಸುಳ್ಳು ಇದ್ದದ್ದು ಮನೆಯಲ್ಲಲ್ಲ, ಓನರ್‌ನ ಮಾತಿನಲ್ಲಿ, ಹಾಗಾಗಿ ನನ್ನ ಯಾವ ಪರೀಕ್ಷೆಗೂ ಸಿಗಲಿಲ್ಲ.

ಆ್ಯಪ್‌ನಲ್ಲೇ ಕಾರ್ಡ್‌ನಿಂದ ಪೂರ್ತಿ ಹಣ ಕಟ್ಟಿದೆ. ನಾಲ್ಕು ದಿನದ ನಂತರ ಓನರ್ ಆ್ಯಪ್‌ನಲ್ಲಿ ಒಂದು ಮೆಸೇಜ್ ಹಾಕಿದ. "ಮೇಡಂ, ಇಲ್ಲಿ ನೋಟಿಫಿಕೇಶನ್ ಸರಿಯಾಗಿ ಬರಲ್ಲ, ಲೊಕೇಶನ್ ಕಳಿಸೋಕೆ ನಂಬರ್ ಕೊಡಿ." ಕೊಟ್ಟೆ. ಎಲ್ಲರೂ ಕೊಡುತ್ತೇವೆ, ಅಲ್ವಾ? ಅಲ್ಲಿಂದ ಮುಂದೆ ಎಲ್ಲಾ ಮಾತೂ ವಾಟ್ಸಾಪ್‌ನಲ್ಲಿ. ಬಹಳ ಮರ್ಯಾದೆಯ ಮನುಷ್ಯ. ಗುಡ್ ಮಾರ್ನಿಂಗ್, ಹೂವಿನ ಚಿತ್ರ, "ನಿಮಗೋಸ್ಕರ ಮನೆ ಕ್ಲೀನ್ ಮಾಡಿಸ್ತಿದೀನಿ" ಅಂತ ವಿಡಿಯೋ ಬೇರೆ.

ಹೊರಟ ದಿನ ನಸುಕಿನಲ್ಲಿ ನಾಲ್ಕಕ್ಕೇ ಎದ್ದೆವು. ಎರಡು ಕಾರು. ಆ ದಿನ ಹುಣ್ಣಿಮೆಯ ಮಾರನೇ ದಿನ, ಅದನ್ನೂ ನಾನೇ ನೋಡಿ ಆರಿಸಿದ್ದು. ಹುಣ್ಣಿಮೆ ಅಮಾವಾಸ್ಯೆ ಆಸುಪಾಸಿನಲ್ಲಿ ಸೂರ್ಯ, ಚಂದ್ರರ ಸೆಳೆತ ಸೇರಿ ಉಬ್ಬರ ಇಳಿತ ಎರಡೂ ಜೋರಾಗಿರುತ್ತದೆ, ಇಳಿತದ ಹೊತ್ತಿಗೆ ನೀರು ತುಂಬಾ ದೂರ ಸರಿದು ಮರಳು ಅಗಲವಾಗಿ ಸಿಗುತ್ತದೆ. ಆ ದಿನದ ಪಟ್ಟಿಯ ಪ್ರಕಾರ ಮಧ್ಯಾಹ್ನ ಹನ್ನೆರಡೂವರೆಗೆ ನೀರು ಪೂರ್ತಿ ಇಳಿದಿರುತ್ತಿತ್ತು. ಹನ್ನೆರಡಕ್ಕೆ ತಲುಪಿ, ಚೀಲ ಎಸೆದು, ಸೀದಾ ಮೆಟ್ಟಿಲು ಇಳಿದು ಮರಳಿಗೆ. ಗೆಳತಿಗೆ ಮೂರು ವಾರದಿಂದ ಇದನ್ನೇ ಹೇಳುತ್ತಿದ್ದೆ.

ಇನ್ನೂ ನಲವತ್ತು ನಿಮಿಷದ ದಾರಿ ಇದೆ ಅನ್ನುವಾಗ ಮೆಸೇಜ್ ಬಂತು. "ಮೇಡಂ ಸಾರಿ. ಮನೆಯ ನೀರಿನ ಪಂಪ್ ಸುಟ್ಟು ಹೋಗಿದೆ. ಟೆನ್ಷನ್ ಮಾಡ್ಕೋಬೇಡಿ, ಇನ್ನೊಂದು ಮನೆ ಇದೆ, ಇದಕ್ಕಿಂತ ದೊಡ್ಡದು, ಅದೇ ರೇಟಿಗೆ ಕೊಡ್ತೀನಿ."

ಸಮಯ ನೋಡಿ. ಹಿಂದಿನ ದಿನ ಹೇಳಿದ್ದರೆ ನಾವು ಬೇರೆ ಮನೆ ಹುಡುಕುತ್ತಿದ್ದೆವು. ಹೊರಡುವ ಮುಂಚೆ ಹೇಳಿದ್ದರೆ ಹೊರಡುತ್ತಲೇ ಇರಲಿಲ್ಲ. ಆರು ಜನ, ಎರಡು ಕಾರು, ಎಲ್ಲರ ರಜೆ, ವಾಪಸ್ ಹೋಗಲು ಆಗದಷ್ಟು ದೂರ ಬಂದ ಮೇಲೆ ಹೇಳಿದ. ಪಂಪ್ ಸುಡುವುದಕ್ಕೂ ಒಳ್ಳೇ ಮುಹೂರ್ತ ನೋಡಿಕೊಂಡು ಸುಟ್ಟಿದೆ.

ಆಮೇಲೆ ಫೋನ್ ಮಾಡಿದ. ಹೊಸ ಮನೆ ಆ್ಯಪ್‌ನಲ್ಲಿ ಇಲ್ಲವಂತೆ. ಹಳೇ ಬುಕಿಂಗ್ ನಾನು ಕ್ಯಾನ್ಸಲ್ ಮಾಡಬೇಕಂತೆ, ರೀಫಂಡ್ ಬರುತ್ತದಂತೆ, ಹೊಸ ಮನೆಗೆ ನೇರವಾಗಿ ಅವನಿಗೇ ಹಣ ಹಾಕಬೇಕಂತೆ. ನಮ್ಮನೆಯವರು ಸ್ಟೀರಿಂಗ್ ಹಿಡಿದುಕೊಂಡೇ ಒಂದೇ ಮಾತು ಅಂದರು. "ಮನೆ ಕೆಟ್ಟಿದ್ದು ಅವನದು. ಕ್ಯಾನ್ಸಲ್ ನೀನ್ಯಾಕೆ ಮಾಡ್ತೀಯ? ಅವನೇ ಮಾಡಲಿ."

ಅದನ್ನೇ ಅವನಿಗೆ ಕೇಳಿದೆ. "ಅಯ್ಯೋ ಮೇಡಂ, ನಾನು ಮಾಡಿದ್ರೆ ನಿಮಗೆ ರೀಫಂಡ್ ಲೇಟ್ ಆಗುತ್ತೆ, ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ."

ಇದು ಶುದ್ಧ ಸುಳ್ಳು. ಇದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ಇಡೀ ಆಟ ಇಲ್ಲೇ ಇರುವುದು. ಓನರ್ ಕ್ಯಾನ್ಸಲ್ ಮಾಡಿದರೆ ಆ್ಯಪ್‌ನವರು ಅತಿಥಿಗೆ ಪೂರ್ತಿ ಹಣ ವಾಪಸ್ ಕೊಡುತ್ತಾರೆ, ಓನರ್‌ಗೆ ದಂಡವೂ ಬೀಳಬಹುದು, ಅವನ ಲೆಕ್ಕದಲ್ಲಿ ಕಪ್ಪು ಚುಕ್ಕೆಯೂ ಬೀಳುತ್ತದೆ. ಅತಿಥಿ ಕ್ಯಾನ್ಸಲ್ ಮಾಡಿದರೆ ಬುಕಿಂಗ್‌ನ ಷರತ್ತು ಏನಿದೆಯೋ ಅದು. ನನ್ನ ಬುಕಿಂಗ್‌ನಲ್ಲಿ ಐದು ದಿನ ಮುಂಚೆಯೇ ಉಚಿತ ಕ್ಯಾನ್ಸಲ್‌ನ ಗಡುವು ಮುಗಿದಿತ್ತು. ಅಂದರೆ ನಾನು ಒತ್ತಿದರೆ ಹಣವೆಲ್ಲ ಅವನಿಗೆ. ಬುಕಿಂಗ್‌ನ ಷರತ್ತಿನ ಪ್ರಕಾರವೇ ಅವನಿಗೆ.

ನನಗೆ ಗೊತ್ತಿರಲಿಲ್ಲವಾ? ಗೊತ್ತಿತ್ತು! ಅದೇ ಹೊಟ್ಟೆ ಉರಿಯುವುದು. ಸ್ಕ್ರೀನ್ ಮೇಲೆ ಬರೆದೇ ಇತ್ತು, "ನಿಮಗೆ ಸಿಗುವ ರೀಫಂಡ್: 0" ಅಂತ. ನಾನು ಅದನ್ನು ಓದಿದೆ. ಓದಿ, ಅವನಿಗೇ ಫೋಟೋ ಕಳಿಸಿ, "ಸೊನ್ನೆ ತೋರಿಸ್ತಿದೆ" ಅಂದೆ. ಕಳ್ಳನ ಹತ್ತಿರವೇ ಹೋಗಿ ಬೀಗ ಸರಿಯಾಗಿದೆಯಾ ಅಂತ ಕೇಳಿದ ಹಾಗೆ. ಅವನು ಏನಂದ ಗೊತ್ತಾ? "ಅದು ಆಟೋಮ್ಯಾಟಿಕ್ ಮೇಡಂ, ಎಲ್ಲರಿಗೂ ಹಾಗೇ ತೋರಿಸುತ್ತೆ. ಸಂಜೆ ಒಳಗೆ ನಾನೇ ಹಾಕ್ತೀನಿ. ನನ್ನ ಮೇಲೆ ನಂಬಿಕೆ ಇಲ್ವಾ?"

ನಂಬಿಕೆ ಇಲ್ವಾ ಅಂತ ಯಾರಾದರೂ ಕೇಳಿದರೆ ನನಗೆ ಇಲ್ಲ ಅನ್ನಲು ಬರುವುದಿಲ್ಲ. ಹಿಂದಿನ ಕಾರಿನಿಂದ ಗೆಳತಿ ಬೇರೆ ಫೋನ್ ಮಾಡುತ್ತಿದ್ದಳು, ಎಲ್ಲಿಗೆ ತಿರುಗಬೇಕು ಅಂತ. ನೆಟ್‌ವರ್ಕ್ ಬಂದು ಹೋಗಿ ಮಾಡುತ್ತಿತ್ತು. ಒತ್ತಿದೆ.

ಹೊಸ ಮನೆಗೆ ಹೋದೆವು. ಸಮುದ್ರ ಎಲ್ಲಿ? ದೊಡ್ಡ ರಸ್ತೆಯ ಈಚೆ ಬದಿ ಮನೆ, ಆಚೆ ಬದಿ ದಾಟಿ ಇಪ್ಪತ್ತೈದು ನಿಮಿಷ ನಡೆದರೆ ಸಮುದ್ರ. ಅಲ್ಲಿದ್ದ ಹುಡುಗ ನಮ್ಮನ್ನು ತಾರಸಿಗೆ ಕರೆದುಕೊಂಡು ಹೋಗಿ ಎರಡು ನೀರಿನ ಟ್ಯಾಂಕ್‌ಗಳ ನಡುವೆ ಬೊಟ್ಟು ಮಾಡಿ "ನೋಡಿ, ಸೀ ವ್ಯೂ" ಅಂದ. ಟ್ಯಾಂಕ್‌ಗಳ ನಡುವೆ ನೀಲಿ ಗೆರೆಯೊಂದು ಇತ್ತು. ಸಮುದ್ರವೋ ಟಾರ್ಪಾಲೋ ದೇವರಿಗೇ ಗೊತ್ತು. ಕೀ ಕೊಡಬೇಕಾದರೆ ಮೂರು ರಾತ್ರಿಯ ಹಣ ಈಗಲೇ ಹಾಕಬೇಕು, ಓನರ್ ಹೇಳಿದ್ದಾರೆ. ಓನರ್ ಎಲ್ಲಿ? "ಗೊತ್ತಿಲ್ಲ ಮೇಡಂ, ನಾನು ಬರೀ ಕೀ ಕೊಡೋನು."

ಓನರ್‌ಗೆ ಫೋನ್ ಮಾಡಿ ಜೋರು ಮಾಡಿದೆ. ಆ ಮನುಷ್ಯ ನನಗೆ, "ಮೇಡಂ, ನೀವು ತುಂಬಾ ಎಮೋಷನಲ್ ಆಗ್ತಿದೀರಾ, ನಿಮ್ಮ ಹಸ್ಬೆಂಡ್ ಹತ್ರ ಫೋನ್ ಕೊಡಿ" ಅಂದ. ಬುಕ್ ಮಾಡಿದ್ದು ನಾನು, ಹಣ ನನ್ನ ಕಾರ್ಡಿನದು, ಎರಡು ವಾರ ಗುಡ್ ಮಾರ್ನಿಂಗ್ ಕಳಿಸಿದ್ದು ನನಗೆ, ಜಗಳಕ್ಕೆ ಮಾತ್ರ ಹಸ್ಬೆಂಡ್ ಬೇಕಂತೆ. ನಮ್ಮನೆಯವರು ಫೋನ್ ತೆಗೆದುಕೊಳ್ಳಲಿಲ್ಲ, "ಅವಳ ಹತ್ರಾನೇ ಮಾತಾಡಿ" ಅಂದರು. ಆ ದಿನದಲ್ಲಿ ನನಗೆ ಸಮಾಧಾನ ಆದದ್ದು ಅದೊಂದೇ.

ಉಳಿದವರು ಬೇರೆ ಮನೆ ಹುಡುಕುತ್ತಿದ್ದರು. ಉದ್ದ ರಜೆ, ಎಲ್ಲಾ ಕಡೆ ಭರ್ತಿ. ಎರಡು ಗಂಟೆ ಹಾಗೇ ಹೋಯಿತು, ಚೀಲಗಳು ಅಂಗಳದಲ್ಲಿ, ನಾವು ಕಾರಿನ ನೆರಳಿನಲ್ಲಿ. ಕೊನೆಗೆ ನಮ್ಮನೆಯವರ ಸ್ನೇಹಿತರೇ ಓನರ್‌ಗೆ ಹಣ ವರ್ಗಾಯಿಸಿದರು. "ಬಿಡು ತಂಗಿ, ಸಂಜೆ ಅವನು ರೀಫಂಡ್ ಹಾಕಿದ್ಮೇಲೆ ನನಗೆ ಕೊಡು" ಅಂದರು. ಅವರ ಹೆಂಡತಿ ಏನೂ ಅನ್ನಲಿಲ್ಲ. ಏನೂ ಅನ್ನದೇ ಇರುವುದೇ ಜಾಸ್ತಿ ಚುಚ್ಚುತ್ತದೆ.

ಐದೂವರೆ ಸುಮಾರಿಗೆ ನಾನೂ ಗೆಳತಿಯೂ ಸುಮ್ನೆ ನಡೆದು ಬರೋಣ ಅಂತ ಹೊರಟೆವು. ಸುಳ್ಳು. ನನಗೆ ಆ ಮನೆ ನೋಡಬೇಕಿತ್ತು. ಲೊಕೇಶನ್ ಫೋನಿನಲ್ಲಿ ಇತ್ತಲ್ಲ.

ಮನೆ ಅಲ್ಲೇ ಇತ್ತು. ಅದೇ ಬಾಲ್ಕನಿ, ಅದೇ ಆರು ಮೆಟ್ಟಿಲು. ಬಾಲ್ಕನಿಯ ಕಂಬಿಯ ಮೇಲೆ ಒದ್ದೆ ಟವೆಲ್‌ಗಳು. ಒಂದು ಮಗು ಅಂಗಳದ ನಲ್ಲಿಯಲ್ಲಿ ಕಾಲಿನ ಮರಳು ತೊಳೆದುಕೊಳ್ಳುತ್ತಿತ್ತು. ನೀರು ಭರ್ಜರಿಯಾಗಿ ಬರುತ್ತಿತ್ತು.

ಆ ನಲ್ಲಿಯನ್ನೇ ನೋಡುತ್ತಾ ನಿಂತೆ. ಎಷ್ಟು ಹೊತ್ತು ಗೊತ್ತಿಲ್ಲ. ಮಗುವಿನ ಅಪ್ಪ ಹೊರಗೆ ಬಂದು ಏನು ಬೇಕು ಅಂದರು. ಪಂಪ್ ಸರಿಯಾಯಿತಾ ಅಂತ ಕೇಳಿದೆ. ಅವರು ನಮ್ಮನ್ನು ಒಂಥರಾ ನೋಡಿದರು. ಯಾವ ಪಂಪ್? ಅವರು ಹಿಂದಿನ ದಿನವಷ್ಟೇ ನೇರವಾಗಿ ಓನರ್ ಜೊತೆ ಮಾತಾಡಿ, ಕೊನೆ ಗಳಿಗೆ ಅಂತ ಜಾಸ್ತಿ ಕೊಟ್ಟು, ಬೆಳಗ್ಗೆಯೇ ಬಂದು ಸೇರಿದ್ದರು. ಗೆಳತಿ ನನ್ನ ಕೈ ಹಿಡಿದು ಎಳೆದಳು, ಆ ಮನುಷ್ಯ ಮಗುವನ್ನು ಒಳಗೆ ಕರೆದುಕೊಂಡು ಬಾಗಿಲು ಹಾಕಿಕೊಂಡರು. ಕಳ್ಳರು ನಾವು ಅನ್ನುವ ಹಾಗೆ.

ಲೆಕ್ಕ ಹಾಕಿ. ನಾನು ಆ್ಯಪ್‌ನಲ್ಲಿ ಕಟ್ಟಿದ್ದು ಒಂದು. ಆ ಮನೆಗೆ ಇವರು ಕೊಟ್ಟದ್ದು ಎರಡು. ಟ್ಯಾಂಕ್ ಮನೆಗೆ ನಾವು ಹಾಕಿದ್ದು ಮೂರು. ಎರಡು ಮನೆ ಇಟ್ಟುಕೊಂಡು ಮೂರು ಬಾಡಿಗೆ ಎತ್ತಿದ.

ಅಲ್ಲೇ ನಿಂತು ಮೆಸೇಜ್ ಹಾಕಿದೆ, ನಾನು ನಿನ್ನ ಮನೆ ಮುಂದೆ ನಿಂತಿದ್ದೇನೆ ಅಂತ. ಓದಿದ, ನೀಲಿ ಟಿಕ್ ಬಂತು. ಹತ್ತು ನಿಮಿಷ ಏನೂ ಇಲ್ಲ. ಆಮೇಲೆ ಒಂದೇ ಸಾಲು.

"ನೀವೇ ಕ್ಯಾನ್ಸಲ್ ಮಾಡಿದ್ದಲ್ವಾ ಮೇಡಂ."

ಎರಡು ವಾರದಿಂದ ಈ ಸಾಲು ಕಿವಿಯಲ್ಲಿ ಕೊರೆಯುತ್ತಿದೆ. ನಾನು ನೋಡುತ್ತಿರುವಾಗಲೇ ಬೆಳಗ್ಗೆಯ ಮೆಸೇಜ್‌ಗಳು ಒಂದೊಂದಾಗಿ ಮಾಯವಾದವು. ಪಂಪ್ ಮೆಸೇಜ್ ಹೋಯಿತು, ಸಂಜೆ ಒಳಗೆ ಹಾಕ್ತೀನಿ ಅಂದದ್ದು ಹೋಯಿತು. ಆದರೆ ಪಂಪ್ ವಿಷಯ ಬಂದಾಗ ನಾನು ಗಾಬರಿಯಲ್ಲಿ ಅದನ್ನು ನಮ್ಮ ಆರು ಜನರ ಗುಂಪಿಗೆ ಫಾರ್ವರ್ಡ್ ಮಾಡಿದ್ದೆ. ಅವನು ಅಳಿಸಿದ್ದು ನಮ್ಮಿಬ್ಬರ ಮಾತುಕತೆಯಲ್ಲಿ, ಗುಂಪಿನಲ್ಲಿ ಅದು ಹಾಗೇ ಉಳಿದಿತ್ತು. ನನ್ನ ಬುದ್ಧಿವಂತಿಕೆ ಏನಲ್ಲ, ಅದೃಷ್ಟ.

ಮೆಟ್ಟಿಲ ಪಕ್ಕದ ಓಣಿಯಿಂದ ನೀರಿನ ಹತ್ತಿರ ಹೋದೆವು. ಆರೂವರೆ ದಾಟಿತ್ತು. ಉಬ್ಬರ. ಇಳಿತದಿಂದ ಉಬ್ಬರಕ್ಕೆ ಆರು ಗಂಟೆ ಚಿಲ್ಲರೆ, ನಾವು ಸರಿಯಾಗಿ ಅಷ್ಟೂ ಹೊತ್ತು ಅವನ ಹಿಂದೆ ಕಳೆದಿದ್ದೆವು. ಅಗಲದ ಮರಳು ಇರಲಿಲ್ಲ, ಅಲೆ ಬಂದು ಕಟ್ಟೆಗೇ ಬಡಿಯುತ್ತಿತ್ತು. ಕೆಂಪು ಬಾವುಟ ಹಾಕಿದ್ದರು, ನೀರಿಗೆ ಇಳಿಯುವ ಹಾಗಿಲ್ಲ. ಗೆಳತಿ "ನಾಳೆ ನೋಡೋಣ ಬಿಡೆ" ಅಂದಳು. ಅಲ್ಲೇ ಕಟ್ಟೆ ಮೇಲೆ ಕೂತು ಅತ್ತೆ, ಏನು ಮುಚ್ಚಿಡುವುದು.

ಆ್ಯಪ್‌ನ ಕಸ್ಟಮರ್ ಕೇರ್‌ನವರದು ಬೇರೆಯೇ ಕಥೆ. ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ, ಆದರೆ ಕ್ಯಾನ್ಸಲ್ ಅತಿಥಿಯ ಕಡೆಯಿಂದ ಆಗಿದೆ, ನಮ್ಮ ಆ್ಯಪ್‌ನಲ್ಲಿ ಪಂಪ್ ಬಗ್ಗೆ ಯಾವ ಮಾತುಕತೆಯೂ ಕಾಣುತ್ತಿಲ್ಲ. ಕಾಣುವುದು ಹೇಗೆ, ಅದಕ್ಕೇ ತಾನೇ ಅವನು ನಂಬರ್ ಕೇಳಿದ್ದು. ವಾಟ್ಸಾಪ್ ಸ್ಕ್ರೀನ್‌ಶಾಟ್ ಅವರ ಲೆಕ್ಕಕ್ಕೇ ಬರುವುದಿಲ್ಲವಂತೆ. ನಾಲ್ಕು ಸಲ ಬರೆದೆ, ನಾಲ್ಕು ಸಲವೂ ಅದೇ ವಿಷಾದ.

ಕಾರ್ಡ್ ಕೊಟ್ಟ ಬ್ಯಾಂಕಿಗೆ ದೂರು ಕೊಟ್ಟಿದ್ದೇನೆ. ಕಾರ್ಡಿನಲ್ಲಿ ಕಟ್ಟಿದ ಹಣಕ್ಕೆ, ಹೇಳಿದ ಸೇವೆ ಸಿಗಲಿಲ್ಲ ಅಂತ ಚಾರ್ಜ್‌ಬ್ಯಾಕ್, ಅಂದರೆ ಬ್ಯಾಂಕಿನ ಮೂಲಕವೇ ಹಣ ವಾಪಸ್, ಕೇಳಬಹುದು, ಅದಕ್ಕೆ ಗಡುವೂ ಇರುತ್ತದೆ, ಹಾಗಾಗಿ ನನ್ನ ಥರ ನಾಚಿಕೊಂಡು ದಿನ ಕಳೆಯಬೇಡಿ. ಇನ್ನೂ ತೀರ್ಮಾನ ಬಂದಿಲ್ಲ. ಟ್ಯಾಂಕ್ ಮನೆಗೆ ನೇರವಾಗಿ ವರ್ಗಾಯಿಸಿದ ಹಣದ ಬಗ್ಗೆ ಬ್ಯಾಂಕಿನವರು ಕೈ ಚೆಲ್ಲಿದರು, ನೀವೇ ಕಳಿಸಿದ್ದು ಅಂದರು. ನೀವೇ, ನೀವೇ. ಎಲ್ಲರಿಗೂ ಒಂದೇ ಪಾಠ.

ಇಷ್ಟೇ ಹೇಳುವುದು. ಮಾತೆಲ್ಲ ಆ್ಯಪ್ ಒಳಗೇ ಇರಲಿ, ಅವನು ಹೊರಗೆ ಏನಾದರೂ ಹೇಳಿದರೆ "ಅದನ್ನೇ ಆ್ಯಪ್‌ನಲ್ಲಿ ಬರೆಯಪ್ಪಾ" ಅನ್ನಿ. ಮನೆ ಕೊಡಲು ಆಗದವನು ಅವನು, ಕ್ಯಾನ್ಸಲ್ ಅವನೇ ಮಾಡಲಿ. ಮನೆ ಬದಲಾಯಿಸಿದರೆ ನೋಡದೆ ಹಣ ಹಾಕಬೇಡಿ, ನೋಡಿದ ಮೇಲೂ ಹಾಕಬೇಡಿ. ಮತ್ತೆ ಪಕ್ಕದಲ್ಲಿ ಕೂತವರು ಬೇಡ ಅಂದರೆ ಒಂದು ನಿಮಿಷ ಕೇಳಿ, ಗಂಡ ಆದರೂ ಸರಿ.

ನಮ್ಮನೆಯವರು ಈವರೆಗೂ "ನಾನು ಹೇಳಿರಲಿಲ್ವಾ" ಅಂದಿಲ್ಲ. ಅವರ ಸ್ನೇಹಿತರ ಹಣ ನಾನು ನನ್ನ ಉಳಿತಾಯದಿಂದ ತೀರಿಸಿದೆ. ಆ ಮನೆಗೆ ರಿವ್ಯೂ ಬರೆಯೋಣ ಅಂದರೆ ನಾನು ಅಲ್ಲಿ ತಂಗಿಲ್ಲ, ಬುಕಿಂಗ್ ರದ್ದಾಗಿದೆ, ಹಾಗಾಗಿ ನನಗೆ ಬರೆಯುವ ಅವಕಾಶವೇ ತೋರಿಸುವುದಿಲ್ಲ. ನಿನ್ನೆ ರಾತ್ರಿ ಮತ್ತೆ ಆ್ಯಪ್ ತೆರೆದು ನೋಡಿದೆ. ಅದೇ ಬಾಲ್ಕನಿ, ಅದೇ ಆರು ಮೆಟ್ಟಿಲು, ಒಂದೂ ಕೆಟ್ಟ ರಿವ್ಯೂ ಇಲ್ಲ. ಮುಂದಿನ ಹುಣ್ಣಿಮೆಗೆ ಆಗಲೇ ಯಾರೋ ಬುಕ್ ಮಾಡಿದ್ದಾರೆ.